ಬೇಸಿಗೆ ರಜೆಯ ಹಕ್ಕುಗಳು

ಮೇ ೪, ಸೋಮವಾರ

ಬಿ.ಪಿ. ಜಾಸ್ತಿಯೇ ಇದೆ. ಇರದೆ ಏನು? ದಿನಾ ಬರೆದಿಡಿ ಎಂದು ಡಾಕ್ಟರು ಹೇಳಿದ್ದಕ್ಕೆ ಮಗಳು ಈ ದಪ್ಪ ಡೈರಿ ತಂದು ಎದೆಯ ಮೇಲೆ ಹೇರಿದ್ದಾಳೆ. ಬಿ.ಪಿ.ಗೆ ಒಂದು ಗೆರೆ ಸಾಕು. ಮಿಕ್ಕ ಹಾಳೆ ಖಾಲಿ ಬಿಡಲು ಮನಸ್ಸು ಒಪ್ಪುವುದಿಲ್ಲ, ಖಾಲಿ ಬಸ್ಸು ಓಡಿಸಿದಷ್ಟೇ ಹೊಟ್ಟೆ ಉರಿಯುತ್ತದೆ. ಹಾಗಾಗಿ ಬಾಯಿಗೆ ಬಂದದ್ದನ್ನು ಬರೆಯುತ್ತೇನೆ. ಬಾಯಲ್ಲೇ ಹೇಳಿದರೆ ಈ ಮನೆಯಲ್ಲಿ ಎಲ್ಲರ ಮುಖವೂ ಊದಿಕೊಳ್ಳುತ್ತದೆ.

ಸೊಂಟದ ಮೂಳೆ ಮುರಿದು, ರಾಡು ಹಾಕಿಸಿಕೊಂಡು, ಮಗಳ ಮನೆಯ ಮುಂದಿನ ಕೋಣೆಯಲ್ಲಿ ಬಿದ್ದಿದ್ದೇನೆ. ಜೀವಮಾನವಿಡೀ ಬಸ್ಸು ಓಡಿಸಿದವನಿಗೆ ಈಗ ಚಕ್ರದ ಕುರ್ಚಿ, ಅದನ್ನು ಓಡಿಸಲು ಬೇರೊಬ್ಬಳು. ಮಗಳಿಗೆ ಬ್ಯಾಂಕಿನ ಕೆಲಸ ಬಿಡಲಾಗದು, ಅದಕ್ಕೆ ಏಜೆನ್ಸಿಯಿಂದ ಒಬ್ಬ ಆಯಾಳನ್ನು ಗೊತ್ತು ಮಾಡಿದ್ದಾಳೆ. ಎದೆಯ ಮೇಲೂ ಬೆನ್ನ ಮೇಲೂ ಏಜೆನ್ಸಿಯ ಹೆಸರಿರುವ ನೀಲಿ ಕೋಟು ಹಾಕಿಕೊಂಡು ಬೆಳಿಗ್ಗೆ ಬರುತ್ತಾಳೆ, ಸಂಜೆ ಅವರದೇ ವ್ಯಾನು ಬಂದು ಕರೆದೊಯ್ಯುತ್ತದೆ. ಮೊದಲ ದಿನ ಹೆಸರು ಹೇಳಿದಳು, ನಾನು ಕೇಳಿಸಿಕೊಳ್ಳಲಿಲ್ಲ. ನೀಲಿಕೋಟು ಎನ್ನುತ್ತೇನೆ, ಓಗೊಡುತ್ತಾಳೆ.

ಇವತ್ತು ಸೂಪು ಆರಿಹೋಗಿತ್ತು. ತಟ್ಟೆಯನ್ನು ಗೋಡೆಗೆ ಬೀಸಿದೆ. ಅವಳು ತುಟಿ ಪಿಟಕ್ ಎನ್ನದೆ ಒರೆಸಿದಳು. ಏನಾದರೂ ಅಂದಿದ್ದರೆ ವಾಸಿಯಿತ್ತು.

ಮೇ ೫, ಮಂಗಳವಾರ

ಮೊಮ್ಮಗಳಿಗೆ ಕಾಲೇಜು ರಜೆ. ರಜೆ ಬಂದರೆ ಮಲಗಬೇಕು, ಇಲ್ಲವೇ ಅಡುಗೆ ಕಲಿಯಬೇಕು. ಇವಳು ಇಂಟರ್ನ್‌ಶಿಪ್ಪಿಗೆ ಹೋಗುತ್ತಾಳಂತೆ.

"ಮಾನವ ಹಕ್ಕುಗಳ ಸಂಸ್ಥೆ ತಾತ. ಎಷ್ಟೊಂದು ಜನ ಅರ್ಜಿ ಹಾಕಿದ್ರು ಗೊತ್ತಾ? ನಮ್ಮ ಕಾಲೇಜಿಂದ ಆರಿಸಿದ್ದು ನಮ್ಮ ಗುಂಪನ್ನ ಮಾತ್ರ."

"ಸಂಬಳ ಏನು ಕೊಡ್ತಾರೆ?"

"ಸಂಬಳ ಇಲ್ಲ. ಕೊನೇಲಿ ಸರ್ಟಿಫಿಕೇಟ್ ಕೊಡ್ತಾರೆ."

"ಸಂಬಳ ಕೊಡದೆ ದುಡಿಸ್ಕೊಳ್ಳೋರು ನಿನಗೆ ಹಕ್ಕು ಅಂದ್ರೆ ಏನಂತ ಹೇಳ್ಕೊಡ್ತಾರೇನೇ?"

"ಅಯ್ಯೋ, ಎಷ್ಟು ಒಳ್ಳೆ ಪ್ರಶ್ನೆ! ನಾಳೆ ಮೇಡಂನ ಕೇಳ್ತೀನಿ," ಎಂದು ಮೊಬೈಲಿನಲ್ಲಿ ಬರೆದುಕೊಂಡಳು.

ಬೈದದ್ದು ಕೂಡ ತಿಳಿಯುವುದಿಲ್ಲ ಇವಕ್ಕೆ. ಈ ಕಾಲದ ಮಕ್ಕಳ ಮೇಲೆ ಬೈಗುಳವೂ ದಂಡ.

ಮೇ ೧೧, ಸೋಮವಾರ

ಸಂಸ್ಥೆಯ ಆಫೀಸಿನಲ್ಲಿ ಕೂರಲು ಕುರ್ಚಿ ಸಾಲದಂತೆ. ಮೊಮ್ಮಗಳು ಇಡೀ ದಂಡನ್ನು ಮನೆಗೆ ಕರೆತಂದಿದ್ದಾಳೆ. ಹುಡುಗರೆಂದರೆ ಹುಡುಗರಲ್ಲ, ಹುಡುಗಿಯರೆಂದರೆ ಹುಡುಗಿಯರಲ್ಲ. ಒಬ್ಬನಿಗೆ ಭುಜದವರೆಗೆ ಕೂದಲು, ಅದನ್ನು ನೆತ್ತಿಯ ಮೇಲೆ ಗಂಟು ಹಾಕಿದ್ದಾನೆ. ಅವನು ಜುಟ್ಟು. ಇನ್ನೊಬ್ಬಳ ಕನ್ನಡಕ ಮುಖಕ್ಕಿಂತ ದೊಡ್ಡದು. ಅವಳು ಕನ್ನಡಕ. ಉಳಿದವರು ನೆನಪಿಡುವಷ್ಟು ಯೋಗ್ಯರಲ್ಲ.

ನನ್ನ ಮಂಚದ ಎದುರಿನ ಗೋಡೆಗೆ, ಅಂದರೆ ಸೂಪಿನ ಕಲೆ ಇನ್ನೂ ಹೋಗದ ಗೋಡೆಗೆ, ಬಣ್ಣಬಣ್ಣದ ಚೀಟಿ ಅಂಟಿಸಿದರು. ಒಂದರಲ್ಲಿ 'ಘನತೆ'. ಒಂದರಲ್ಲಿ 'ಧ್ವನಿ'. ಒಂದರಲ್ಲಿ ಬರೀ ಪ್ರಶ್ನೆ ಚಿಹ್ನೆ. ಆಮೇಲೆ ಎಲ್ಲರೂ ನೆಲದ ಮೇಲೆ ಕೂತು ಆ ಚೀಟಿಗಳನ್ನೇ ನೋಡುತ್ತಾ ನಿಟ್ಟುಸಿರು ಬಿಟ್ಟರು.

ಇವರಿಗೆ ಒಪ್ಪಿಸಿದ ಕೆಲಸ ಏನೆಂದರೆ, ಮನೆಮನೆಗೆ ಹೋಗಿ ರೋಗಿಗಳನ್ನು, ಮುದುಕರನ್ನು ನೋಡಿಕೊಳ್ಳುವ ಹೆಂಗಸರ ಹೇಳಿಕೆ ಬರೆದುಕೊಳ್ಳುವುದು. ಒಬ್ಬಳೂ ಮಾತಾಡಲು ಒಪ್ಪುತ್ತಿಲ್ಲವಂತೆ. ಊರೆಲ್ಲಾ ಸುತ್ತಿದರಂತೆ, ಬಸ್ ನಿಲ್ದಾಣದಲ್ಲಿ ಕಾದರಂತೆ, ಆಸ್ಪತ್ರೆ ಬಾಗಿಲಲ್ಲಿ ನಿಂತರಂತೆ.

"ಯಾರ ಕಣ್ಣಿಗೂ ಬೀಳದ ಕೆಲಸಗಾರರು ಇವರು. ಅದೇ ಸಮಸ್ಯೆ," ಎಂದಿತು ಕನ್ನಡಕ, ನೀಲಿಕೋಟು ಹಿಡಿದಿದ್ದ ಟ್ರೇಯಿಂದ ಚಹಾ ತೆಗೆದುಕೊಳ್ಳುತ್ತಾ.

ನನಗೆ ತಡೆಯಲಾಗಲಿಲ್ಲ.

"ಏ ಜುಟ್ಟು, ನಿನಗಾದ್ರೂ ಕಣ್ಣು ಕಾಣುತ್ತಾ? ಆ ಚಹಾ ನಿಮ್ಮ ಕೈಗೆ ತಾನಾಗೇ ಹಾರಿಕೊಂಡು ಬಂತಾ?"

ಎಲ್ಲರೂ ತಿರುಗಿ ನೀಲಿಕೋಟನ್ನು ನೋಡಿದರು. ಕಳೆದುಹೋದ ಚಪ್ಪಲಿ ಕಾಲಲ್ಲೇ ಇರುವುದು ಕಂಡಂತೆ. ಅವಳು ನನ್ನ ಕಡೆ ನೋಡಿದ ನೋಟದಲ್ಲಿ ಉಪಕಾರ ಸ್ಮರಣೆ ಏನೂ ಇರಲಿಲ್ಲ.

ಮೇ ೧೪, ಗುರುವಾರ

ಅಡುಗೆಮನೆಯಲ್ಲಿ ಹೇಳಿಕೆ ತೆಗೆದುಕೊಳ್ಳುವ ಕಾರ್ಯಕ್ರಮ. ಬಾಗಿಲು ಹಾಕಿಕೊಂಡರು. ಈ ಮನೆಯ ಬಾಗಿಲುಗಳಿಗೆ ಕಿವಿ ಮುಚ್ಚುವ ತಾಕತ್ತು ಇಲ್ಲ.

ಮೊಮ್ಮಗಳು ಕಾಗದ ನೋಡಿ ಓದಿದಳು. "ನೀವು ಯಾವ ಪ್ರಶ್ನೆಗೂ ಉತ್ತರ ಕೊಡದೆ ಇರಬಹುದು. ಯಾವಾಗ ಬೇಕಾದ್ರೂ ನಿಲ್ಲಿಸಬಹುದು. ಹೇಳಿದ್ದನ್ನ ವಾಪಸ್ ತಗೋಬಹುದು. ನಿಮ್ಮ ಹೆಸರು, ಊರು, ವಯಸ್ಸು ಯಾವುದನ್ನೂ ನಾವು ಎಲ್ಲೂ ಹೇಳಲ್ಲ." ಹೀಗೇ ಓದುತ್ತಲೇ ಹೋದಳು. ಮುಗಿಯುವ ಲಕ್ಷಣ ಕಾಣಲಿಲ್ಲ. ಕೊನೆಗೆ ನೀಲಿಕೋಟು ಕೇಳಿದಳು, "ಅಷ್ಟೇನಾ ಪುಟ್ಟಿ? ನಾನು ಕೂತ್ಕೋಬಹುದಾ?"

ಆಮೇಲಿನದು ಕೇಳಿಸಲಿಲ್ಲ. ಪಿಸುಗುಟ್ಟಿದರು. ನನ್ನ ಮಾತ್ರೆಯ ಹೊತ್ತು ಮೀರಿತು. ಮಾನವ ಹಕ್ಕಿನಲ್ಲಿ ನಾನು ಸೇರುವುದಿಲ್ಲವೆಂದು ಕಾಣುತ್ತದೆ.

ಮೇ ೧೫, ಶುಕ್ರವಾರ

ಸ್ನಾನ ಮಾಡಿಸುವಾಗ ಕೇಳಿದೆ. "ಆ ಮಕ್ಕಳ ಹತ್ರ ಏನು ಕೊರೆದೆ ನಿನ್ನೆ?"

"ಕೇಳಿದ್ದಕ್ಕೆ ಹೇಳಿದೆ. ಕೈ ಎತ್ತಿ."

"ಅವು ಏನು ಕಿಸೀತಾವೆ ಅಂತ ಹೇಳಿದೆ?"

ಬೆನ್ನು ಉಜ್ಜುತ್ತಲೇ ಹೇಳಿದಳು. ಸರಕಾರಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಆರಿಸಿದ್ದಾರೆ. ತರಬೇತಿಯ ಮೂಲ ಸರ್ಟಿಫಿಕೇಟು ಜೂನ್ ಹದಿನೈದರೊಳಗೆ ಕೊಂಡೊಯ್ದು ತೋರಿಸಬೇಕು. ಕೆಲಸಕ್ಕೆ ಸೇರಿದ ದಿನವೇ ಏಜೆನ್ಸಿಯ ಮ್ಯಾನೇಜರು ಅದನ್ನು ತೆಗೆದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾನೆ.

"ಕೇಳು, ಕೊಡ್ತಾನೆ."

"ಕೇಳ್ದೆ. ಒಪ್ಪಂದ ಮುಗೀಲಿ ಅಂತಾರೆ. ಮುಗಿಯೋ ಹಿಂದಿನ ದಿನ ಇನ್ನೊಂದು ಒಪ್ಪಂದ ಮುಂದಿಡ್ತಾರೆ. ಸಹಿ ಹಾಕದಿದ್ರೆ ಸರ್ಟಿಫಿಕೇಟು ಹುಡುಕ್ಬೇಕು, ಸಿಗ್ತಿಲ್ಲ ಅಂತಾರೆ. ನನ್ನ ಜೊತೆಯವಳಿಗೆ ಹಾಗೇ ಆಯ್ತು."

"ಆಸ್ಪತ್ರೇಲಿ ಏನು ಚಿನ್ನ ಸುರೀತಿದೆಯಾ?"

"ರಜೆ ಇದೆ ಯಜಮಾನ್ರೇ. ಮಗ ನಮ್ಮಮ್ಮನ ಹತ್ರ ಬೆಳೀತಿದ್ದಾನೆ. ಇಲ್ಲಿ ಸಂಜೆ ವ್ಯಾನು ಕರ್ಕೊಂಡ್ಹೋಗಿ ಹಾಸ್ಟೆಲ್ಲಿಗೆ ಬಿಡುತ್ತೆ, ಹೊರಗಿಂದ ಬೀಗ. ಅವನಿಗೆ ನಾನು ಫೋನಲ್ಲಿ ಬರೋ ಹೆಂಗಸು, ಅಷ್ಟೇ. ಇನ್ನೊಂದು ಕೈ ಎತ್ತಿ."

ನೀರು ಸುಡುತ್ತಿತ್ತು. ಹೇಳಿದೆ. ತಣ್ಣೀರು ಬೆರೆಸಿದಳು.

ಮೇ ೨೨, ಶುಕ್ರವಾರ

ವಾರವಾಯಿತು. ಹೊತ್ತು ಹೋಗದೆ ಮೊಮ್ಮಗಳನ್ನು ಕೇಳಿದೆ, ಆ ಏಜೆನ್ಸಿಯವನಿಗೆ ನಿಮ್ಮ ಮೇಡಂ ಒಂದು ಕಾಗದ ಬರೆದರಾ ಎಂದು. ಮೇಡಂ ಎಂದರೆ ಸಂಸ್ಥೆ ನಡೆಸುವ ವಕೀಲೆ. ಒಮ್ಮೆ ಬಂದಿದ್ದರು. ಚಪ್ಪಲಿ ತೊಟ್ಟೇ ಒಳಗೆ ಬರುವ ಪೈಕಿ.

"ಇನ್ನೂ ಇಲ್ಲ ತಾತ. ಮೊದ್ಲು ದಾಖಲೀಕರಣ. ಆಮೇಲೆ ವಿಶ್ಲೇಷಣೆ. ಆಮೇಲೆ ವರದಿ, ಅದು ಚಳಿಗಾಲಕ್ಕೆ."

"ಜೂನ್ ಹದಿನೈದು ಚಳಿಗಾಲದಲ್ಲಿ ಬರುತ್ತಾ?"

"ಒಬ್ಬರ ಸಮಸ್ಯೆ ಅಲ್ಲ ಇದು, ಇಡೀ ವ್ಯವಸ್ಥೆಯ..."

"ವ್ಯವಸ್ಥೆ ಬಂದು ನನ್ನ ಬೆನ್ನು ಉಜ್ಜಲ್ಲ ಕಣೇ. ಅವಳು ಉಜ್ಜೋದು."

ಮುಖ ಕೆಂಪಗೆ ಮಾಡಿಕೊಂಡು ಎದ್ದುಹೋದಳು. ಬಸ್ಸಿಗೆ ಬೆಂಕಿ ಬಿದ್ದರೆ ಇವರು ಮೊದಲು ಪ್ರಯಾಣಿಕರ ಅಭಿಪ್ರಾಯ ಕೇಳುತ್ತಾರೆ, ಆಮೇಲೆ ಬಾಗಿಲು ತೆಗೆಯಬೇಕೇ ಎಂದು ವಿಶ್ಲೇಷಣೆ.

ಮೇ ೨೪, ಭಾನುವಾರ

ಬಿ.ಪಿ. ಅಷ್ಟೇ. ಬಿಸಿಲು. ದಂಡು ಬರಲಿಲ್ಲ. ಚೀಟಿಗಳು ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತಿವೆ. ದರಿದ್ರ ದಿನ.

ಜೂನ್ ೬, ಶನಿವಾರ

ಸಿಟ್ಟಿಗೆ ಬಿ.ಪಿ. ನೋಡಿಸಿಕೊಳ್ಳಲಿಲ್ಲ. ಆದರೂ ಬರೆಯುತ್ತೇನೆ.

ಇಂಟರ್ನ್‌ಶಿಪ್ಪಿನ ಸಮಾರೋಪವಂತೆ. ಕಾಲೇಜಿನ ಸಭಾಂಗಣದಲ್ಲಿ ಈ ಮಕ್ಕಳು ತಾವು ಬರೆದುಕೊಂಡ ಹೇಳಿಕೆಗಳನ್ನು ಜನರೆದುರು ಗಟ್ಟಿಯಾಗಿ ಓದುವುದು, ಆಮೇಲೆ ಸರ್ಟಿಫಿಕೇಟು ಹಂಚುವುದು. ಮನೆಯವರೆಲ್ಲ ಬರಲೇಬೇಕೆಂದು ಮೊಮ್ಮಗಳ ಹಟ. ಬೆಳಿಗ್ಗೆಯೇ ಕುರ್ಚಿಯಲ್ಲಿ ಹಾಕಿಕೊಂಡು ಹೋದರು. ತಳ್ಳುವವಳು ಯಾರು? ನೀಲಿಕೋಟು. ಕುರ್ಚಿ ದೊಡ್ಡದೆಂದು ನಮ್ಮನ್ನು ಮುಂದಿನ ಸಾಲಿನಲ್ಲೇ ನಿಲ್ಲಿಸಿದರು. ಅವಳು ನನ್ನ ಹಿಂದೆ ನಿಂತಳು.

ಒಬ್ಬೊಬ್ಬರಾಗಿ ಓದಿದರು. ಬೇರೆ ಕಾಲೇಜಿನ ಗುಂಪುಗಳ ಪಾಲಿಗೆ ಯಾರೋ ಹೋಟೆಲಿನ ಕ್ಲೀನರು, ಯಾರೋ ಕಟ್ಟಡದ ಕಾವಲುಗಾರ. ನಾನು ತೂಕಡಿಸುತ್ತಿದ್ದೆ. ಆಮೇಲೆ ಜುಟ್ಟು ಎದ್ದ. ಗಂಟಲು ಸರಿಮಾಡಿಕೊಂಡು ಓದಿದ:

"ನಾನು ನೋಡಿಕೊಳ್ಳುವವರು ಒಬ್ಬ ನಿವೃತ್ತ ಬಸ್ ಡ್ರೈವರ್. ಸೊಂಟ ಮುರಿದಿದೆ, ಬಾಯಿ ಮುರಿದಿಲ್ಲ."

ಸಭೆ ನಕ್ಕಿತು. ನನ್ನ ನಿದ್ದೆ ಹಾರಿತು.

"ನೀರು ಬಿಸಿಯಿದ್ದರೆ ಸುಡ್ತೀಯಾ ಅಂತಾರೆ. ತಣ್ಣಗಿದ್ದರೆ ಹೆಣ ತೊಳೀತಿದ್ದೀಯಾ ಅಂತಾರೆ. ಸೂಪಿನ ತಟ್ಟೆಯನ್ನು ಗೋಡೆಗೆ ಎಸೆದರು. ನನಗೆ ಅಳು ಬರಲಿಲ್ಲ, ಕಲೆ ಹೋಗಲ್ಲವಲ್ಲ ಅಂತ ಬೇಜಾರಾಯಿತು. ಇಷ್ಟು ದಿನವಾದರೂ ನನ್ನ ಹೆಸರು ಅವರಿಗೆ ಗೊತ್ತಿಲ್ಲ. ಆದರೆ ಅವರು ನನ್ನ ಸರ್ಟಿಫಿಕೇಟು ಬಚ್ಚಿಟ್ಟಿಲ್ಲ. ಬಚ್ಚಿಟ್ಟವರು ಏಜೆನ್ಸಿಯವರು. ಅವರು ನನ್ನನ್ನು ಸಿಸ್ಟರ್ ಅಂತಾರೆ, ನೀವು ಅಂತಾರೆ, ಒಂದು ಕೆಟ್ಟ ಮಾತು ಆಡಿಲ್ಲ."

ಹೀಗೇ ಆಸ್ಪತ್ರೆ, ಬೀಗ, ಹಾಸ್ಟೆಲು, ಮಗ, ಎಲ್ಲ ಬಂತು. ನನ್ನ ಕಿವಿ ಅಷ್ಟರಲ್ಲಿ ಮುಚ್ಚಿಹೋಗಿತ್ತು. ಹಿಂದಿನ ಸಾಲಿನ ಹೆಂಗಸು "ಎಂಥಾ ರಾಕ್ಷಸ ಇರಬೇಕು ಆ ಮುದುಕ" ಎಂದಳು. ನನಗೆ ಕೈಚಾಚುವಷ್ಟು ದೂರದಲ್ಲಿ.

ಕೊನೆಗೆ ಚಪ್ಪಾಳೆ. ಮಕ್ಕಳಿಗೆಲ್ಲ ದಪ್ಪ ಕಾಗದದ ಸರ್ಟಿಫಿಕೇಟು, ಕೆಂಪು ದಾರ ಕಟ್ಟಿದ್ದು. ಒಬ್ಬಳ ಸರ್ಟಿಫಿಕೇಟು ಕಪಾಟಿನಲ್ಲಿದೆ ಎಂದು ಹೇಳಿದ್ದಕ್ಕೆ ಇವರಿಗೆ ಸರ್ಟಿಫಿಕೇಟು.

ವಾಪಸು ಬರುವಾಗ ಬಾಡಿಗೆ ವ್ಯಾನಿನಲ್ಲಿ ಮೊಮ್ಮಗಳನ್ನು ಕೇಳಿದೆ. "ಬರೆದದ್ದು ಯಾರು?"

"ನಾನೇ. ಆದ್ರೆ ಹೆಸರು ಹಾಕಿಲ್ಲ ತಾತ. ಯಾರದ್ದೂ ಹಾಕಿಲ್ಲ."

"ನನ್ನ ಹೆಸರು ಯಾವ ನಾಯಿಗೆ ಗೊತ್ತೇ? ಈ ಬೀದಿಗೆಲ್ಲಾ ನಾನು ಸೊಂಟ ಮುರಿದ ಬಸ್ ಡ್ರೈವರೇ!"

ನೀಲಿಕೋಟು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಜೂನ್ ೭, ಭಾನುವಾರ

ಏಜೆನ್ಸಿಗೆ ನಾನೇ ಫೋನ್ ಮಾಡಿದೆ. ಇವಳು ಬೇಡ, ಬೇರೆಯವರನ್ನು ಕಳಿಸಿ ಎಂದೆ. ಕಾರಣ ಕೇಳಿದರು. ಹೇಳಲಿಲ್ಲ. ಮ್ಯಾನೇಜರೇ ಬಂದು ಮಾತಾಡುತ್ತಾರಂತೆ.

ನನ್ನನ್ನು ಊರ ಮುಂದೆ ಕೂರಿಸಿ ನಗೆಪಾಟಲು ಮಾಡಿದರಲ್ಲ. ಇನ್ನೇನು ಆರತಿ ಎತ್ತಲೇ?

ಜೂನ್ ೮, ಸೋಮವಾರ

ಮೊಮ್ಮಗಳು ಬೆಳಿಗ್ಗೆ ಮೊಬೈಲು ಹಿಡಿದುಕೊಂಡು ಬಂದು ಮಂಚದ ಅಂಚಿನಲ್ಲಿ ಕೂತಳು. ಕಣ್ಣು ಊದಿತ್ತು. ಸಮಾರೋಪದ ವಿಡಿಯೋ ಮಾಡಿ ಎಲ್ಲರಿಗೂ ಕಾಣುವಂತೆ ಹಾಕಿದ್ದಾರಂತೆ. ನೋಡಿದೆ. ಓದುವಾಗ ಓದುವವರ ಮುಖ ಮಾತ್ರ. ಹೆಸರು ಇಲ್ಲ, ಊರು ಇಲ್ಲ, ಜಾಗ್ರತೆಯೋ ಜಾಗ್ರತೆ. ಜುಟ್ಟು ಓದಿ ಮುಗಿಸಿದ ಮೇಲೆ ಚಪ್ಪಾಳೆ ತೋರಿಸಲು ಕ್ಯಾಮೆರಾ ಸಭೆಯ ಕಡೆ ತಿರುಗುತ್ತದೆ. ಮುಂದಿನ ಸಾಲಿನಲ್ಲಿ ಚಕ್ರದ ಕುರ್ಚಿ. ಕುರ್ಚಿಯಲ್ಲಿ ಹುಳಿ ಕುಡಿದ ಮುಖದ ಮುದುಕ. ಹಿಂದೆ ನೀಲಿ ಕೋಟು, ಎದೆಯ ಮೇಲೆ ಏಜೆನ್ಸಿಯ ಹೆಸರು, ಓದಲು ನನಗೆ ಕನ್ನಡಕ ಕೂಡ ಬೇಡ.

"ನಿಮ್ಮ ಸಂಸ್ಥೇಲಿ ತಲೆ ಅನ್ನೋದು ಯಾರ ಹೆಗಲ ಮೇಲಾದ್ರೂ ಇದೆಯೇನೇ?"

"ತೆಗೆಸಿದ್ವಿ ತಾತ. ಆದ್ರೆ ಎರಡು ದಿನ ಇತ್ತು. ಎಷ್ಟೋ ಜನ ನೋಡಿಬಿಟ್ಟಿದ್ದಾರೆ. ಏಜೆನ್ಸಿಯವರು ನೋಡಿದ್ರೆ ಅವ್ರ ಕೆಲಸ ಹೋಯ್ತು, ಸರ್ಟಿಫಿಕೇಟೂ ಹೋಯ್ತು. ನನ್ನಿಂದ." ಅತ್ತಳು. ಚಿಕ್ಕವಳಿದ್ದಾಗ ಅಳುತ್ತಿದ್ದಂತೆಯೇ, ಮೂಗು ಮೊದಲು, ಕಣ್ಣು ಆಮೇಲೆ.

"ಮೂಗು ಒರೆಸ್ಕೋ. ಅತ್ತರೆ ಕಪಾಟು ತೆರೆಯಲ್ಲ," ಎಂದೆ.

ಅವಳು ಹೋದ ಮೇಲೆ ಏಜೆನ್ಸಿಗೆ ಫೋನ್ ಮಾಡಿದೆ. ಬೇರೆಯವರು ಬೇಡ, ಇವಳೇ ಇರಲಿ, ನೀವು ಬರುವ ಅಗತ್ಯವಿಲ್ಲ ಎಂದೆ. "ಪರವಾಗಿಲ್ಲ ಸರ್, ನಾಳೆ ಬಂದೇ ಬರ್ತೀನಿ, ನಮಗೂ ಸ್ವಲ್ಪ ಕೇಳೋದಿದೆ," ಎಂದ ಮ್ಯಾನೇಜರು. ದನಿ ಜೇನಿನಂತಿತ್ತು.

ಹೊಸಬರು ಬಂದರೆ ಮತ್ತೆ ಮೊದಲಿಂದ ಕಲಿಸಬೇಕು. ಅದಕ್ಕೆ ಬೇಡವೆಂದದ್ದು.

ಜೂನ್ ೯, ಮಂಗಳವಾರ

ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಕೂತುಕೊಳ್ಳುವ ಮೊದಲೇ ನೀಲಿಕೋಟಿಗೆ "ಸಿಸ್ಟರ್, ನೀವು ಸ್ವಲ್ಪ ಒಳಗೆ ಹೋಗಿ" ಎಂದ. ಹೋದಳು.

ನನಗೆ ಮೈ ಉರಿದದ್ದು ಅಲ್ಲೇ. ಈ ಮನೆಯಲ್ಲಿ ಅವಳನ್ನು ಒಳಗೆ ಹೋಗು, ಹೊರಗೆ ಬಾ ಎನ್ನುವವನು ನಾನು. ಇವನ್ಯಾರು?

ಮೊಬೈಲು ತೆಗೆದು ವಿಡಿಯೋ ತೋರಿಸಿದ. ತೆಗೆಸುವ ಮೊದಲೇ ತನ್ನ ಮೊಬೈಲಿಗೆ ಇಳಿಸಿ ಇಟ್ಟುಕೊಂಡಿದ್ದಾನೆ. "ನೀವು ಫೋನ್ ಮಾಡಿ ದೂರು ಹೇಳಿದ್ದಕ್ಕೂ ಇದಕ್ಕೂ ಸಂಬಂಧ ಇರ್ಬೇಕು ಅನ್ನಿಸ್ತು ಸರ್. ನಿಮ್ಮಂಥ ಹಿರಿಯರ ಬಗ್ಗೆ ಹೀಗೆಲ್ಲಾ ಹೇಳೋದಾ? ನಮಗೇ ನಾಚಿಕೆ. ಇದು ಸಿಸ್ಟರ್ ಹೇಳಿದ್ದೇ ಅಂತ ನೀವು ಒಂದು ಮಾತು ಅಂದ್ರೆ ಸಾಕು, ಮುಂದಿನದು ನಾವು ನೋಡ್ಕೋತೀವಿ."

"ಏನು ನೋಡ್ಕೋತೀರಿ?"

"ಅವರಿಗೆ ಎಲ್ಲೂ ಕೆಲಸ ಸಿಗದ ಹಾಗೆ ನೋಡ್ಕೋತೀವಿ." ಅದೇ ಜೇನಿನ ದನಿ.

ಹತ್ತು ದಿನದ ಹಿಂದೆ ಯಾರಾದರೂ ಇವನಷ್ಟು ಮರ್ಯಾದೆಯಿಂದ ನನ್ನ ಹತ್ತಿರ ಮಾತಾಡಿದ್ದರೆ ಹಿಗ್ಗುತ್ತಿದ್ದೆನೋ ಏನೋ. ಇವತ್ತು ಎಣ್ಣೆಯಲ್ಲಿ ಕೈ ಅದ್ದಿದಂತಾಯಿತು.

"ಅವಳಲ್ಲ. ನಾನು ಹೇಳಿದ್ದು," ಎಂದೆ.

"ಏನು ಸರ್?"

"ಕಿವಿ ಮಂದವಾ? ಆ ಮಕ್ಕಳು ನನ್ನ ಮೊಮ್ಮಗಳ ಜೊತೆಯವರು. ದಿನಾ ಇಲ್ಲೇ ಬಿದ್ದಿರ್ತಾವೆ. ಕೇಳಿದ್ವು, ಹೇಳಿದೆ. ತಟ್ಟೆ ಎಸೆದವನೂ ನಾನೇ, ಹೇಳಿದವನೂ ನಾನೇ. ಹೆಂಗಸಿನ ಬಾಯಲ್ಲಿ ಹೇಳಿದ ಹಾಗೆ ಬರೆದ್ರೆ ಜನ ಕೇಳ್ತಾರೆ ಅಂತ ಹಾಗೆ ಬರ್ಕೊಂಡ್ವು. ಈ ಕಾಲದ ಹುಡುಗರು, ನಿನಗೆ ಗೊತ್ತಲ್ಲ."

ಅವನ ನಗುವಿನ ಇಸ್ತ್ರಿ ಸ್ವಲ್ಪ ಮುರಿಯಿತು. "ಸರ್ಟಿಫಿಕೇಟ್ ನಮ್ಮ ಹತ್ರ ಇದೆ ಅನ್ನೋದು ನಿಮಗೆ ಹೇಗೆ ಗೊತ್ತಾಯ್ತು ಹಾಗಾದ್ರೆ?"

ಉತ್ತರ ಇಲ್ಲದಾಗ ನಾನು ಮಾಡುವುದು ಒಂದೇ, ಕೂಗಾಡುವುದು.

"ಇದೆಯಾ? ನಿಜವಾಗ್ಲೂ ಇದೆಯಾ? ನನಗೇನೋ ಅನುಮಾನ! ಸೊಂಟದ ಬೆಲ್ಟು ಕಟ್ಟೋಕೆ ಬರಲ್ಲ, ನೀರು ಹದ ಮಾಡೋಕೆ ಬರಲ್ಲ. ತರಬೇತಿ ಆದೋಳು ಅಂತ ದಾರೀಲಿ ಹೋಗೋಳನ್ನ ಕಳ್ಸಿದ್ದೀಯಾ? ಸರ್ಟಿಫಿಕೇಟೇ ಇಲ್ಲ ಅಂತ ಕಾಣುತ್ತೆ. ಅದಕ್ಕೇ ಫೋನ್ ಮಾಡಿದ್ದು ನಾನು!"

"ಛೆ ಛೆ, ಏನು ಸರ್, ನಮ್ಮ ಹುಡುಗಿಯರೆಲ್ಲಾ ತರಬೇತಿ ಆದವರೇ. ಎಲ್ಲರ ಮೂಲ ದಾಖಲೆ ನನ್ನ ಕಪಾಟಲ್ಲೇ ಭದ್ರವಾಗಿದೆ."

"ತೋರ್ಸು. ಜೆರಾಕ್ಸು ತರಬೇಡ, ಜೆರಾಕ್ಸು ಯಾವನು ಬೇಕಾದ್ರೂ ಮಾಡ್ತಾನೆ. ನಾಳೆ ಮೂಲ ತಂದು ತೋರ್ಸು. ಇಲ್ದಿದ್ರೆ ಈ ಬೀದೀಲಿ ನಿನ್ನ ಆಯಾಗಳಿರೋ ಪ್ರತಿ ಮನೆಗೂ ಕುರ್ಚಿ ತಳ್ಳಿಸ್ಕೊಂಡು ಹೋಗಿ ಹೇಳ್ತೀನಿ, ಮೋಸಗಾರ ಅಂತ."

ತರುತ್ತೇನೆ ಎಂದು ಹೋದ. ಮಾನ ಹೋಗುವುದೆಂದರೆ ಗಿರಾಕಿ ಹೋಗುವುದಕ್ಕಿಂತ ಹೆಚ್ಚಿನ ಹೆದರಿಕೆ ಇಂಥವರಿಗೆ.

ನೀಲಿಕೋಟು ಒಳಗಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. "ಬೆಲ್ಟು ಕಟ್ಟೋಕೆ ಬರಲ್ವಾ ನನಗೆ?" ಎಂದಳು.

"ಸಡಿಲ ಕಟ್ತೀಯ," ಎಂದೆ. ಸುಳ್ಳು.

ಸಂಜೆ ಮೊಮ್ಮಗಳಿಗೆ ಹೇಳಿದೆ, ನಾಳೆ ಬೆಳಿಗ್ಗೆ ಆ ದಂಡನ್ನು ಕರೆದುಕೊಂಡು ಬಾ, ನಿನ್ನ ಮೇಡಂನೂ. ಚಹಾ ಸಿಗುತ್ತದೆ.

ಜೂನ್ ೧೦, ಬುಧವಾರ

ಇವತ್ತಿನದನ್ನು ಹದವಾಗಿ ಬರೆಯಬೇಕು. ಸೊಂಟ ಸಿಡಿಯುತ್ತಿದೆ, ಪರವಾಗಿಲ್ಲ.

ಮಕ್ಕಳು ಗೋಡೆಯುದ್ದಕ್ಕೂ ಕೂತಿದ್ದವು. ಮೇಡಂ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ. ನಾನು ಚಕ್ರದ ಕುರ್ಚಿಯಲ್ಲಿ. ಮ್ಯಾನೇಜರು ಒಳಗೆ ಬಂದವನು ಇಷ್ಟು ಜನರನ್ನು ನೋಡಿ ಒಂದು ಹೆಜ್ಜೆ ಹಿಂದಿಟ್ಟ. ಮೊಮ್ಮಗಳ ಸ್ನೇಹಿತರು, ಓದಿಕೊಳ್ಳಲು ಬಂದಿದ್ದಾರೆ ಎಂದೆ. ಜುಟ್ಟು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದ. ದಡ್ಡ ಶಿಖಾಮಣಿ.

ಪ್ಲಾಸ್ಟಿಕ್ ಹಾಳೆಯಲ್ಲಿಟ್ಟ ಸರ್ಟಿಫಿಕೇಟು ಕೊಟ್ಟ. ನನ್ನ ಕನ್ನಡಕ ತರಿಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ಇಂಗ್ಲಿಷ್ ಓದುವುದು ಹೀಗೆಯೇ, ಅವಸರಪಟ್ಟರೆ ಆಗುವುದಿಲ್ಲ. ಅವಳ ಹೆಸರು ಉದ್ದದ್ದು, ಬಾಯಿ ತುಂಬುವಂಥದ್ದು. ಮೊದಲ ದರ್ಜೆಯಲ್ಲಿ ತೇರ್ಗಡೆ ಎಂದು ಬೇರೆ ಇತ್ತು.

"ಸರಿಯಾಗಿದೆಯಲ್ಲ ಸರ್?" ಎಂದು ಕೈ ಚಾಚಿದ.

"ಸರಿಯಾಗಿದೆ," ಎಂದು ಸರ್ಟಿಫಿಕೇಟನ್ನು ತೊಡೆಯ ಕೆಳಗೆ ತೂರಿಸಿ ಅದರ ಮೇಲೆ ಕೂತೆ.

ಮೊದಲು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ನಕ್ಕ. ಆಮೇಲೆ ನಗು ನಿಲ್ಲಿಸಿದ. "ಸರ್, ತಮಾಷೆ ಸಾಕು."

"ತಮಾಷೆ ನನಗೆ ಬರಲ್ಲ. ಮನೆಯವರನ್ನೆಲ್ಲಾ ಕೇಳು."

ಬಗ್ಗಿ ಕೈ ಹಾಕಲು ನೋಡಿದ. ನಾನು ಸೊಂಟ ಸೊಂಟ ಎಂದು ಅರಚಿದೆ. ಅರ್ಧ ನಾಟಕ, ಅರ್ಧ ನಿಜ. ಕನ್ನಡಕ ಎದ್ದು ನಿಂತು, "ಪೇಷಂಟನ್ನ ಮುಟ್ಟಬೇಡಿ!" ಎಂದಿತು. ಅಷ್ಟು ಗಟ್ಟಿ ದನಿ ಅದರೊಳಗೆ ಎಲ್ಲಿತ್ತೋ.

ಅವನು ಒಳಗಿನ ಬಾಗಿಲ ಕಡೆ ತಿರುಗಿ, "ಸಿಸ್ಟರ್! ಬನ್ನಿ, ಇವರನ್ನ ಎತ್ತಿ," ಎಂದ.

ಮುರಿದ ಸೊಂಟದವನನ್ನು ಎತ್ತುವುದಕ್ಕೆ ಒಂದು ರೀತಿ ಇದೆ, ಈ ಮನೆಯಲ್ಲಿ ಅದು ಬರುವುದು ಅವಳಿಗೊಬ್ಬಳಿಗೇ. ಬಂದಳು. ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಕೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡಳು.

"ಈಗ ಎಬ್ಬಿಸೋ ಹಾಗಿಲ್ಲ. ಊಟ ಆಗೋವರೆಗೂ ಕೂರ್ಸಿರಿ ಅಂದಿದ್ದಾರೆ ಡಾಕ್ಟರು."

"ಪೊಲೀಸರನ್ನ ಕರೀತೀನಿ," ಎಂದ.

ಆಗ ಮೇಡಂ ಎದ್ದರು. "ಕರೀರಿ. ನಂಬರ್ ಬೇಕಾದ್ರೆ ನಾನೇ ಕೊಡ್ತೀನಿ. ಬೇರೆಯವರ ಮೂಲ ದಾಖಲೆ ಬೀಗ ಹಾಕಿ ಇಟ್ಕೊಳ್ಳೋ ಅಧಿಕಾರ ಯಾವ ಏಜೆನ್ಸಿಗೂ ಇಲ್ಲ. ನಾನು ವಕೀಲೆ. ನಿಮ್ಮ ಕಪಾಟಲ್ಲಿ ಎಲ್ಲರದ್ದೂ ಇದೆ ಅಂತ ನಿನ್ನೆ ನೀವೇ ಇವರಿಗೆ ಹೇಳಿದ್ದೀರಿ. ಪೊಲೀಸರು ಬಂದ್ರೆ ಒಟ್ಟಿಗೆ ಹೋಗಿ ಆ ಕಪಾಟು ತೆಗೆಸೋಣ."

ಇಷ್ಟು ಚೆನ್ನಾಗಿ ಮಾತಾಡಲು ಬರುವವರು ಇಷ್ಟು ದಿನ ವಿಶ್ಲೇಷಣೆ ಯಾಕೆ ಮಾಡಿದರು ಎಂದು ಕೇಳಬೇಕೆಂದಿದ್ದೆ. ಆಮೇಲೆ ಕೇಳಿದರಾಯಿತು ಎಂದು ಬಿಟ್ಟೆ.

ಅವನು ಹೋದ. ನಮ್ಮ ಆಯಾ ಇವತ್ತಿಗೇ ವಾಪಸ್, ಈ ಮನೆಗೆ ಇನ್ನು ಯಾರನ್ನೂ ಕಳಿಸುವುದಿಲ್ಲ ಎಂದು ಗೇಟಿನಿಂದ ಕೂಗಿದ. ಸಿಸ್ಟರ್ ಎನ್ನಲಿಲ್ಲ, ನೀವು ಎನ್ನಲಿಲ್ಲ. ಅವನ ಬಾಯಲ್ಲಿ ಬಂದದ್ದನ್ನು ನಾನು ಬರೆಯುವುದಿಲ್ಲ. ನನಗಿಂತ ಕೆಟ್ಟದಾಗಿ ಬೈಯುತ್ತಾನೆ.

ನೀಲಿಕೋಟು ಬಾಗಿಲು ಹಾಕಿದಳು. ಬಂದು ನನ್ನ ಕಂಕುಳಿಗೆ ಕೈ ಕೊಟ್ಟು ಎತ್ತಿದಳು. ಮೊಮ್ಮಗಳು ಸರ್ಟಿಫಿಕೇಟು ಎಳೆದುಕೊಂಡಳು. ಒಂದು ಮೂಲೆ ಮಡಚಿಹೋಗಿತ್ತು. ಜುಟ್ಟು ಅದರ ಮೇಲೆ ದಪ್ಪ ಪುಸ್ತಕಗಳನ್ನು ಪೇರಿಸಿ ತಾನೂ ಮೇಲೆ ಕೂತ.

ಮಗಳು ಬ್ಯಾಂಕಿನಿಂದ ಬಂದು ವಿಷಯ ಕೇಳಿ, "ನಾಳೆಯಿಂದ ನಿಮ್ಮನ್ನ ಯಾರಪ್ಪಾ ನೋಡ್ಕೊಳ್ಳೋದು?" ಎಂದು ತಲೆ ಮೇಲೆ ಕೈ ಹೊತ್ತಳು. ಅದು ನನಗೆ ಹೊಳೆದೇ ಇರಲಿಲ್ಲ.

ಜೂನ್ ೧೨, ಶುಕ್ರವಾರ

ಹಾಸ್ಟೆಲ್ಲಿಗೆ ಹೋಗದೆ ಎರಡು ರಾತ್ರಿ ಅವಳು ನಮ್ಮಲ್ಲೇ ಇದ್ದಳು, ಮೊಮ್ಮಗಳ ಕೋಣೆಯಲ್ಲಿ. ಇವತ್ತು ಆಸ್ಪತ್ರೆಗೆ ಹೋಗಿ ಸರ್ಟಿಫಿಕೇಟು ತೋರಿಸಿ ಬಂದಳು. ಕೆಲಸಕ್ಕೆ ತೆಗೆದುಕೊಂಡರಂತೆ. ಮೊದಲು ಊರಿಗೆ ಹೋಗಿ ಮಗನನ್ನು ನೋಡಿಕೊಂಡು ಬಂದು ಸೇರುತ್ತಾಳೆ.

ಹೊರಡುವಾಗ ಹಳದಿ ಬಟ್ಟೆ ಉಟ್ಟಿದ್ದಳು. ಕೋಟಿಲ್ಲ. ಏನೆಂದು ಕರೆಯುವುದು ತಿಳಿಯಲಿಲ್ಲ. ಹೆಸರು ಹಿಡಿದು ಕರೆದೆ.

ಅವಳು ನಿಂತಳು. "ನಾನು ಆ ಮಕ್ಕಳ ಹತ್ರ ಹೇಳಿದ್ದೆಲ್ಲಾ ನಿಜ ಯಜಮಾನ್ರೇ. ಒಂದು ಅಕ್ಷರವೂ ವಾಪಸ್ ತಗೊಳ್ಳಲ್ಲ."

"ಯಾರು ತಗೋ ಅಂದ್ರು? ಬಸ್ಸು ತಪ್ಪುತ್ತೆ, ಹೋಗು."

ಹೋದಳು. ಮಧ್ಯಾಹ್ನ ಮಗಳು ಸ್ನಾನ ಮಾಡಿಸಿದಳು. ಸೋಪು ಕಣ್ಣಿಗೆ ಹೋಯಿತು. ಏನೂ ಅನ್ನಲಿಲ್ಲ, ಅವಳು ಮೊದಲೇ ಅಳುವಂತಿದ್ದಳು.

ಜೂನ್ ೧೯, ಶುಕ್ರವಾರ

ಬೇರೆ ಏಜೆನ್ಸಿಯಿಂದ ಹೊಸಬ ಬಂದ. ಗಂಡಸು. ಹಸಿರು ಅಂಗಿ. ಗಟ್ಟಿ ತೋಳು, ಮೆತ್ತನೆ ಮಾತು. "ಬನ್ನಿ ಸರ್, ಸ್ನಾನ ಮಾಡಿಸ್ತೀನಿ" ಎಂದು ನೇರ ಕಂಕುಳಿಗೆ ಕೈ ಹಾಕಿದ.

"ತೆಗಿ ಕೈ. ಮೊದ್ಲು ಹೆಸರು ಹೇಳು."

ಹೇಳಿದ.

"ನಿನ್ನ ಸರ್ಟಿಫಿಕೇಟು ಎಲ್ಲಿದೆ?"

"ಆಫೀಸಲ್ಲಿದೆ ಸರ್. ಅವರೇ ಭದ್ರವಾಗಿ ಇಟ್ಕೊಂಡಿದ್ದಾರೆ. ನಿಮಗೆ ನೋಡ್ಬೇಕಿತ್ತಾ?"

ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಒಂಥರಾ ನಕ್ಕಳು. ಇದರಲ್ಲಿ ನಗುವುದು ಏನಿದೆಯೋ. ರಜೆ ಮುಗಿಯಿತು, ಇಂಟರ್ನ್‌ಶಿಪ್ಪೂ ಮುಗಿಯಿತು, ಬುದ್ಧಿ ಮಾತ್ರ ಬಂದಂತಿಲ್ಲ.

"ಹಲ್ಲು ಕಿರೀಬೇಡ," ಎಂದೆ. "ಜುಟ್ಟಿಗೆ ಫೋನ್ ಮಾಡು. ನಿನ್ನ ಮೇಡಮ್ಮಿಗೂ ಹೇಳು."

ಹೊಸಬನನ್ನು ಸ್ಟೂಲಿನ ಮೇಲೆ ಕೂರಿಸಿದ್ದೇನೆ. ಟವೆಲು ಮಡಿಲಲ್ಲಿಟ್ಟುಕೊಂಡು ಮಿಕಮಿಕ ನೋಡುತ್ತಿದ್ದಾನೆ. ನೀನು ಯಾವ ಪ್ರಶ್ನೆಗೂ ಉತ್ತರ ಕೊಡದೆ ಇರಬಹುದು ಎಂದು ಹೇಳಿ ಆಯಿತು. ನಾನು ಇನ್ನೂ ಅಂಗಿ ಬಿಚ್ಚಿಲ್ಲ. ಮೇಡಂ ದಾರಿಯಲ್ಲಿದ್ದಾರಂತೆ. ಬೇಗ ಬಂದರೆ ಸರಿ, ಇಲ್ಲದಿದ್ದರೆ ನನ್ನ ಬಾಯಿ ಎಂಥದ್ದೆಂದು ಅವರಿಗೆ ಗೊತ್ತಿದೆ.